ಹೂಳು ತೆಗೆದರೂ ನಮ್ಮ ಕೆರೆ ತುಂಬಲಿಲ್ಲ: ಕಪ್ಪತಗುಡ್ಡದ ಬುಡದಿಂದ ಒಂದು ವರ್ಷದ ಲೆಕ್ಕ

ಮಸಾರಿಹೊಲ (ಮುಂಡರಗಿ ತಾಲ್ಲೂಕು)

2022ರ ಬೇಸಿಗೆಯಲ್ಲಿ ನಮ್ಮೂರ ಕೆರೆಯ ಹೂಳು ತೆಗೆಸಿದೆವು. ಊರಿನ ಟ್ರ್ಯಾಕ್ಟರುಗಳೆಲ್ಲ ಇಪ್ಪತ್ತು ದಿನ ಓಡಾಡಿದವು, ಗೋಡುಮಣ್ಣು ಹೊಲಗಳಿಗೆ ಹೋಯಿತು, ಕೆರೆ ಆಳವಾಯಿತು. ಆ ವರ್ಷ ಮಳೆಯೂ ಚೆನ್ನಾಗಿ ಆಯಿತು. ಅಕ್ಕಪಕ್ಕದ ಊರಿನ ಕೆರೆಗಳು ಕೋಡಿ ಬಿದ್ದವು. ನಮ್ಮದರಲ್ಲಿ ಎಮ್ಮೆ ಮೈ ಮುಳುಗಿಸುವಷ್ಟು ನೀರು ನಿಂತಿತು, ಅಷ್ಟೇ. ಮರುವರ್ಷ ಬರ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ಆ 2023ರಲ್ಲಿ ಕೆರೆ ಒಣಗಿದ್ದಕ್ಕೆ ಮಳೆಯನ್ನು ದೂರಬಹುದು. 2022ರಲ್ಲಿ ತುಂಬದೆ ಹೋದದ್ದಕ್ಕೆ ಯಾರನ್ನು ದೂರುವುದು?

ಕಳೆದ ಯುಗಾದಿಯ ನಂತರ ನಾವು ಆರು ಜನ ಕೆರೆಯಿಂದ ಮೇಲಕ್ಕೆ, ಗುಡ್ಡದ ಕಡೆಗೆ ನಡೆಯಲು ಶುರು ಮಾಡಿದೆವು. ಅಷ್ಟು ವರ್ಷಗಳಲ್ಲಿ ಆ ದಾರಿಯನ್ನು ಪೂರ್ತಿ ನಡೆದವರು ಊರಿನ ಕುರಿಗಾಹಿಗಳು ಮಾತ್ರ. ಕೈಯಲ್ಲಿ ಗ್ರಾಮದ ನಕಾಶೆ ಇತ್ತು. ನಕಾಶೆಯಲ್ಲಿ ಕೆರೆಗೆ ಬರುವ ಹಳ್ಳ ದಪ್ಪ ಗೆರೆಯಾಗಿ ಕಾಣುತ್ತದೆ. ನೆಲದ ಮೇಲೆ ಮೊದಲ ಅರ್ಧ ಕಿಲೋಮೀಟರ್ ಬಳ್ಳಾರಿ ಜಾಲಿ ತುಂಬಿ ಒಳಗೆ ಕಾಲಿಡಲು ಆಗಲಿಲ್ಲ. ಅದರ ಮುಂದೆ ರಸ್ತೆಯ ಕೆಳಗೆ ಒಂದು ಸಿಮೆಂಟಿನ ಕೊಳವೆ. ಅದನ್ನು ಹಳ್ಳದ ತಳಕ್ಕಿಂತ ಒಂದೂವರೆ ಅಡಿ ಮೇಲೆ ಕೂರಿಸಿದ್ದಾರೆ. ಬಂದ ನೀರು ಅಲ್ಲೇ ಮಡುಗಟ್ಟಿ, ಎಡಕ್ಕೆ ತಿರುಗಿ, ರಸ್ತೆಯ ಪಕ್ಕದ ಚರಂಡಿ ಹಿಡಿದು ಬೇರೆ ಹಳ್ಳಕ್ಕೆ ಹೋಗುತ್ತಿತ್ತು. ಮತ್ತೂ ಮುಂದೆ ಹೋದರೆ ಎರಡು ಹೊಲಗಳಲ್ಲಿ ಹಳ್ಳವೇ ಇಲ್ಲ. ಶೇಂಗಾ ಬಿತ್ತಿದ ಸಾಲುಗಳು ಅದರ ಮೇಲೆ ಹಾದುಹೋಗಿವೆ.

ಕೆರೆ ತೋಡುವಾಗ ನಮ್ಮಲ್ಲಿ ಒಬ್ಬರೂ ಇದನ್ನು ನೋಡಿರಲಿಲ್ಲ. ನಾನು ಇಲ್ಲಿ ಬರೆಯುತ್ತಿರುವುದೇ ಈ ಕಾರಣಕ್ಕೆ: ಕೆರೆಗೆ ಹಣ ಬಂದಾಗ ಮೊದಲ ರೂಪಾಯಿ ಕೆರೆಗೆ ಬರುವ ಹಳ್ಳಕ್ಕೆ ಹೋಗಬೇಕು, ಕೆರೆಗಲ್ಲ.

ಹಳ್ಳ ಉತ್ತವರ ಜೊತೆಗಿನ ಮಾತುಕತೆ ಜೆಸಿಬಿಯಿಂದ ಹಳ್ಳ ಸ್ವಚ್ಛ ಮಾಡಿಸಿದ ಕೆಲಸಕ್ಕಿಂತ ಕಷ್ಟವಾಯಿತು. ಒಬ್ಬರ ತಂದೆಯ ಕಾಲದಲ್ಲಿಯೇ ಹಳ್ಳ ಹೊಲಕ್ಕೆ ಸೇರಿತ್ತು. ಈಗಿನವರು ತಪ್ಪು ಮಾಡಿದವರಲ್ಲ, ಕೈಗೆ ಬಂದದ್ದನ್ನು ಉಳುತ್ತಿದ್ದರು. ಅವರ ಬೇವಿನ ಮರದ ಕೆಳಗೆ ನಾಲ್ಕು ಸಲ ಕೂತೆವು. ಕೊನೆಗೆ ಅವರು ಕೇಳಿದ್ದು ಎರಡೇ: ಚಕ್ಕಡಿ ದಾಟಲು ಕಲ್ಲು ಹಾಸಿದ ಒಂದು ಜಾಗ, ಮತ್ತು ಬಿಟ್ಟುಕೊಟ್ಟ ನೆಲಕ್ಕೆ ಬದಲಾಗಿ ಉಳಿದ ಹೊಲಕ್ಕೆ ಕೆರೆಯ ಗೋಡು. ಎರಡನ್ನೂ ಕೊಟ್ಟೆವು. ಇನ್ನೊಬ್ಬರು ಇನ್ನೂ ಒಪ್ಪಿಲ್ಲ. ಅವರ ಹೊಲದ ಅಂಚಿನಲ್ಲಿ ಹಳ್ಳ ಆರಡಿ ಅಗಲಕ್ಕೆ ಇಕ್ಕಟ್ಟಾಗಿದೆ.

ಗುಡ್ಡದ ಕೆಳಗಿನ ಗೋಮಾಳದಲ್ಲಿ ಉದ್ಯೋಗ ಖಾತ್ರಿಯಲ್ಲಿ ಇಂಗುಗುಂಡಿ ತೋಡಿದೆವು. ಆಗ (2024–25) ದಿನಗೂಲಿ 349 ರೂಪಾಯಿ, ಕೆಲಸಕ್ಕೆ ಬಂದವರಲ್ಲಿ ಹೆಂಗಸರೇ ಹೆಚ್ಚು. ಹತ್ತಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಒಂದು ಗುಂಡಿ ಒಮ್ಮೆ ತುಂಬಿದರೆ ಆರುನೂರು ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅದರ ಗಡಿಯೊಳಗೆ ನಾವು ಒಂದು ಗುದ್ದಲಿ ಏಟನ್ನೂ ಹಾಕಲಿಲ್ಲ.

ಮೃಗಶಿರಾ ಮಳೆ ರಾತ್ರಿ ಬಂತು. ಎರಡು ಗಂಟೆಯ ಹೊತ್ತಿಗೆ ಟಾರ್ಚ್ ಹಿಡಿದು ಹಳ್ಳದ ದಂಡೆಗೆ ಹೋದೆವು. ಮೊದಲು ಬಂದದ್ದು ನೀರಲ್ಲ, ನೊರೆ. ಅದರ ಮುಂದೆ ಒಣ ಎಲೆ, ಕುರಿ ಹಿಕ್ಕೆ, ಒಂದು ಹರಿದ ಚಪ್ಪಲಿ ಉರುಳುತ್ತ ಬಂದವು. ಅದರ ಹಿಂದೆ ಕಾವಿ ಬಣ್ಣದ ನೀರು ಸದ್ದಿಲ್ಲದೆ, ನೆಲವನ್ನು ನೆಕ್ಕುತ್ತ, ಕೊಳವೆಯ ಹತ್ತಿರ ಬಂದು ನಿಂತಿತು. ಆ ಕೊಳವೆಯನ್ನು ಇನ್ನೂ ತೆಗೆಸಲು ಆಗಿಲ್ಲ, ಅದಕ್ಕೆ ಬದಿಯಲ್ಲಿ ತಾತ್ಕಾಲಿಕವಾಗಿ ಒಂದು ಕಾಲುವೆ ಕಡಿದಿದ್ದೆವು. ನೀರು ಅದನ್ನು ಹುಡುಕಿಕೊಂಡು ಕೆಳಗಿಳಿಯಿತು. ಸೀಗೆ ಹುಣ್ಣಿಮೆಗೆ ಚರಗ ಚೆಲ್ಲಲು ಹೋದಾಗ ಕೆರೆ ಮುಕ್ಕಾಲು ತುಂಬಿತ್ತು.

ಸೋತದ್ದನ್ನೂ ಹೇಳುತ್ತೇನೆ. ಏರಿಯ ಪಕ್ಕ ನೆಟ್ಟ ಸಸಿಗಳಲ್ಲಿ ಮೂರರಲ್ಲಿ ಒಂದು ಉಳಿದಿದೆ, ಏಕೆಂದರೆ ನೆಡಲು ಎಲ್ಲರೂ ಬಂದರು, ಕಾಯಲು ಯಾರನ್ನೂ ನೇಮಿಸಲಿಲ್ಲ. ಹಳ್ಳಕ್ಕೆ ಅಡ್ಡವಾಗಿ ಕಟ್ಟಿದ ಒಂದು ಕಲ್ಲುಒಡ್ಡು ಆಗಸ್ಟಿನಲ್ಲಿ ಕೊಚ್ಚಿಹೋಯಿತು. ನೀರು ಧುಮುಕುವ ಜಾಗದಲ್ಲಿ ಕಲ್ಲು ಹಾಸಿರಲಿಲ್ಲ. ಬುಡ ಕೊರೆದು ಮಲಗಿತು.

ನಿಮ್ಮ ಕಡೆ ಈ ವರ್ಷ ಏನಾಯಿತು, ತಿಳಿಸಿ.

ಬೆಣ್ಣೆಹಳ್ಳದ ದಂಡೆ (ನವಲಗುಂದ ತಾಲ್ಲೂಕು)

ಅಣ್ಣಾ, ನಿಮ್ಮ ಕೆಲಸ ಓದಿ ಸಂತೋಷವಾಯಿತು. ಆದರೆ ಒಂದು ಮಾತು ಕೇಳಲೇಬೇಕು. ಹಳ್ಳವನ್ನು ಅಗಲ ಮಾಡಿ ಸ್ವಚ್ಛ ಮಾಡಿದಿರಿ. ಕೆರೆಯ ಕೋಡಿಯ ಕೆಳಗಿನವರನ್ನು ಕೇಳಿದಿರಾ?

ಸಿಟ್ಟಿನಿಂದ ಕೇಳುತ್ತಿಲ್ಲ. ನಾವು ಬೆಣ್ಣೆಹಳ್ಳದ ಕೊನೆಯ ಭಾಗದವರು. ಹುಬ್ಬಳ್ಳಿ, ಕುಂದಗೋಳದ ಕಡೆ ಬಿದ್ದ ಮಳೆ, ತುಪ್ಪರಿಹಳ್ಳ ತಂದ ಮಳೆ, ಎಲ್ಲವೂ ನಮ್ಮ ಹೊಲಗಳ ನಡುವೆ ಹಾದು ಮಲಪ್ರಭೆಗೆ ಹೋಗಬೇಕು. ನಮ್ಮಲ್ಲಿ ಮೋಡವಿಲ್ಲದ ದಿನವೂ ಹಳ್ಳ ಉಕ್ಕುತ್ತದೆ. 2009ರಲ್ಲಿ, 2019ರಲ್ಲಿ ನೋಡಿದ್ದೇವೆ. ಮೇಲಿನ ಊರಿನವರು ನೀರಿಗೆ ದಾರಿ ನೇರ ಮಾಡಿಕೊಟ್ಟಷ್ಟೂ ಅದು ನಮ್ಮ ಹೆಸರು ಬೆಳೆಯ ಮೇಲೆ ಬೇಗ ಬಂದು ಬೀಳುತ್ತದೆ.

ಆದ್ದರಿಂದ ನನ್ನ ದೃಷ್ಟಿಯಲ್ಲಿ ಮೊದಲ ರೂಪಾಯಿ ಹಳ್ಳಕ್ಕೂ ಅಲ್ಲ, ಹೊಲದ ಬದುವಿಗೆ. ಲೆಕ್ಕ ಹಾಕಿ ನೋಡಿ: ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗಿಂತ ಹೆಚ್ಚು. ಯಾವ ಕೃಷಿ ಹೊಂಡವೂ ಹೊಲದ ಮಣ್ಣು ಹಿಡಿದಷ್ಟು ನೀರನ್ನು ಹಿಡಿಯುವುದಿಲ್ಲ.

ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಯನ್ನು ಆ ಬಿರುಕುಗಳು ಕುಡಿಯುತ್ತವೆ. ನಂತರ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಆಮೇಲೆ ಬಿದ್ದ ಮಳೆ ಇಂಗಲು ಸಮಯ ಬೇಕು, ಹೊಲ ಅದಕ್ಕೆ ಸಮಯ ಕೊಡದಿದ್ದರೆ ಮೇಲ್ಮಣ್ಣು ಕರಗಿಸಿಕೊಂಡು ಹೊರಡುತ್ತದೆ. ಹಿಂಗಾರಿಗೆ ಬಿಡುವ ಹೊಲಗಳಲ್ಲಿ ಜೂನ್, ಜುಲೈನಲ್ಲಿ ಹತ್ತು-ಹದಿನೈದು ಅಡಿಯ ಚೌಕುಮಡಿ (ಸುತ್ತ ಸಣ್ಣ ಬದು ಹಾಕಿದ ಚೌಕ ಮಡಿ) ಮಾಡಿ ಎಂದು ಕೃಷಿ ವಿಶ್ವವಿದ್ಯಾಲಯದವರು ಬಹಳ ವರ್ಷಗಳಿಂದ ಹೇಳುತ್ತಿದ್ದಾರೆ. ಕಳೆದ ವರ್ಷ ನಾನು ಎಂಟು ಎಕರೆಯಲ್ಲಿ ನಾಲ್ಕಕ್ಕೆ ಮಾತ್ರ ಮಾಡಿದೆ. ಜನವರಿಯಲ್ಲಿ ಆ ನಾಲ್ಕು ಎಕರೆಯ ಕಡಲೆ ಹಸಿರಾಗಿ ಕಾಯಿ ಕಟ್ಟುತ್ತಿತ್ತು, ಪಕ್ಕದ ನಾಲ್ಕು ಎಕರೆ ಅದಾಗಲೇ ಹಳದಿಗೆ ತಿರುಗಿತ್ತು. ಒಂದೇ ಬೀಜ, ಒಂದೇ ದಿನ ಬಿತ್ತಿದ್ದು.

ಬದು ಕಟ್ಟಿದರೆ ಸಾಲದು, ಹೆಚ್ಚಾದ ನೀರು ಹೊರಹೋಗಲು ಕಲ್ಲಿನ ಗುಂಡಾವರ್ತಿ ಇರಲೇಬೇಕು. ಅಜ್ಜಂದಿರು ಕಟ್ಟಿದ ಗುಂಡಾವರ್ತಿಗಳ ಕಲ್ಲುಗಳನ್ನು ನಮ್ಮ ಕಾಲದಲ್ಲಿ ಮನೆಯ ಪಾಯಕ್ಕೆ ಒಯ್ದರು. ನಿಮ್ಮ ಕಲ್ಲುಒಡ್ಡು ಮಲಗಿದ ಕಾರಣವೇ ಅದರ ಪಾಠ. ಬೀಳುವ ನೀರಿಗೆ ಕೆಳಗೆ ಕಲ್ಲಿನ ಹಾಸಿಗೆ ಬೇಕು.

ಮಸಾರಿಹೊಲ

ಕೇಳಿರಲಿಲ್ಲ. ಕೆಳಗಿನ ಊರಿನವರು ಆಗಸ್ಟಿನಲ್ಲಿ ತಾವೇ ಬಂದರು. ನಮ್ಮ ಕೋಡಿಯ ನೀರು ಅವರ ಕೆರೆಗೆ ಹೋಗುತ್ತದೆ, ಈ ಸಲ ತಡವಾಯಿತು ಎಂಬುದು ಅವರ ದೂರು. ಹೆಚ್ಚಾಯಿತು ಎಂದಲ್ಲ, ತಡವಾಯಿತು ಎಂದು. ಹೂಳು ತೆಗೆದು ಆಳ ಮಾಡಿದ್ದೆವಲ್ಲ, ನಮ್ಮದು ತುಂಬದೆ ಅವರಿಗೆ ಹನಿಯೂ ಹೋಗಲಿಲ್ಲ. ಈ ಯುಗಾದಿಯಿಂದ ಎರಡೂ ಊರಿನವರು ಕೂಡಿ ಕೂರುವುದೆಂದು ಮಾತಾಗಿದೆ. ನೀವು ಕೇಳಿದ್ದು ಸರಿ.

ಹಾನಗಲ್ಲಿನಿಂದ

ನಮ್ಮ ತಾಲ್ಲೂಕಿನಲ್ಲಿ ಕೆರೆಗಳು ಸರಪಳಿಯಂತೆ ಇವೆ, ಒಂದರ ಕೋಡಿ ಇನ್ನೊಂದರ ಒಳಹರಿವು. ಆ ಸರಪಳಿಯ ಒಂದು ಕೊಂಡಿಯನ್ನು ಮಾತ್ರ ರಿಪೇರಿ ಮಾಡಿದರೆ ಜಗಳ ಹುಟ್ಟುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು, ಆದರೂ ಹಣ ಮಾತ್ರ ಒಂದೊಂದೇ ಕೆರೆಗೆ ಬರುತ್ತದೆ.

ನಾನು ಹೇಳಬೇಕಾದದ್ದು ಗೋಮಾಳದ ಬಗ್ಗೆ. ಅಲ್ಲಿ ಗುಂಡಿ ತೋಡಿದಿರಿ, ಒಳ್ಳೆಯದು. ಅಲ್ಲಿ ಮೇಯುತ್ತಿದ್ದ ಕುರಿ-ದನ ಎಲ್ಲಿಗೆ ಹೋದವು? ನಮ್ಮ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ನಡೆದ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಹಿರಿಯರಿಗೆ ನೆನಪಿದೆ. ಊರಿನವರ ಗೋಮಾಳವನ್ನು ನೀಲಗಿರಿ ನೆಡುತೋಪಿಗೆಂದು ಒಂದು ಕಂಪನಿಗೆ ಕೊಟ್ಟಾಗ, ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಸರ್ಕಾರವೂ ಪಾಲುದಾರನಾಗಿದ್ದ ಆ ಕಂಪನಿ 1991ರಲ್ಲಿ ಮುಚ್ಚಿತು. ಗಿಡವೇ ನೆಡುತ್ತಿದ್ದರು, ಹಸಿರೇ ಆಗುತ್ತಿತ್ತು, ಆದರೂ ಜನ ಎದ್ದರು. ಸೌದೆ, ಮೇವು, ಮೇಯುವ ದಾರಿ ಯಾರ ಕೈಯಲ್ಲಿರಬೇಕು ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ನಿಮ್ಮ ಸಸಿಗಳು ಉಳಿಯದೇ ಹೋದದ್ದಕ್ಕೆ ಕಾವಲು ಇಲ್ಲದ್ದು ಅರ್ಧ ಕಾರಣ. ಕುರಿಗಾಹಿಗಳನ್ನು ಕೂರಿಸಿಕೊಂಡು ಮಾತನಾಡದೇ ಹೋದದ್ದು ಇನ್ನರ್ಧ ಇರಬಹುದು.

ಗುಡ್ಡದ ಮಗಳು (ಶಿರಹಟ್ಟಿ ಕಡೆ)

ಹಾನಗಲ್ಲಿನ ಅಣ್ಣ ಹೇಳಿದ ಮಾತಿಗೆ ನಾನೂ ಸೇರಿಸುತ್ತೇನೆ. ನಮ್ಮ ಮಹಿಳಾ ಸಂಘದವರು ಈ ವರ್ಷ ಮಾಡಿದ್ದು ಒಂದೇ ಕೆಲಸ, ಬೆಂಕಿ ಕಾಯುವುದು.

ಕಪ್ಪತಗುಡ್ಡದಲ್ಲಿ ಜನವರಿಯ ಹೊತ್ತಿಗೆ ಹುಲ್ಲು ಸೊಂಟದೆತ್ತರ ಒಣಗಿ ನಿಂತಿರುತ್ತದೆ. ಒಂದು ಬೀಡಿ ಸಾಕು. ಬೇಕೆಂದೇ ಹಚ್ಚುವವರೂ ಇದ್ದಾರೆ, ಸುಟ್ಟರೆ ಹೊಸ ಹುಲ್ಲು ಚಿಗುರುತ್ತದೆ ಎಂಬ ನಂಬಿಕೆ. ಚಿಗುರುತ್ತದೆ, ನಿಜ. ಆದರೆ ನಡುವಿನ ಮೂರು ತಿಂಗಳು ಗುಡ್ಡದ ಮಣ್ಣು ಬತ್ತಲೆ. ಆ ಬತ್ತಲೆ ಮಣ್ಣಿನ ಮೇಲೆ ಮೊದಲ ಅಡ್ಡಮಳೆ ಬಿದ್ದರೆ ಬೂದಿ, ಮಣ್ಣು, ಸಣ್ಣ ಕಲ್ಲು ಎಲ್ಲ ಕೂಡಿ ನಿಮ್ಮ ಹಳ್ಳ ಹಿಡಿದು ನಿಮ್ಮ ಕೆರೆಗೆ ಬರುತ್ತವೆ. ಟ್ರ್ಯಾಕ್ಟರಿನಲ್ಲಿ ಹೊತ್ತು ಹಾಕಿದಿರಲ್ಲ ಹೂಳು, ಅದರಲ್ಲಿ ಒಂದು ಪಾಲು ಹೀಗೆ ಬಂದದ್ದು.

ಫೆಬ್ರುವರಿಯಲ್ಲಿ ಒಂದು ಮಧ್ಯಾಹ್ನ ಹೊಗೆ ಕಂಡಿತು. ಇಲಾಖೆಯ ಕಾವಲುಗಾರರಿಗೆ ಫೋನ್ ಮಾಡಿ ನಾವು ಹನ್ನೊಂದು ಜನ ಹತ್ತಿದೆವು. ಬೆಂಕಿಗೆ ನೀರು ಒಯ್ಯುವ ಮಾತೇ ಇಲ್ಲ. ಹಸಿ ಟೊಂಗೆ ಮುರಿದುಕೊಂಡು, ಗಾಳಿ ಬೆನ್ನಿಗೆ ಇರುವಂತೆ ನಿಂತು, ಉರಿಯ ಅಂಚನ್ನು ಬಡಿಯುತ್ತ ಹೋಗಬೇಕು. ಎತ್ತಿ ಬಡಿದರೆ ಕಿಡಿ ಹಾರುತ್ತದೆ, ಒತ್ತಿ ಹಿಡಿಯಬೇಕು. ಇದನ್ನು ಕಾವಲುಗಾರರೇ ಕಲಿಸಿದ್ದು. ಸಂಜೆಯ ಹೊತ್ತಿಗೆ ಆರಿತು. ಸೀರೆಯ ಅಂಚು ಸುಟ್ಟದ್ದು, ರೆಪ್ಪೆಗೂದಲು ಮುದುಡಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು. ಕೆಳಗೆ ಇಳಿಯುವಾಗ ಬಂಡೆಯ ಸಂದಿಯಲ್ಲಿ ಒಂದು ಗೌಜಲು ಹಕ್ಕಿ ಮೊಟ್ಟೆಗಳ ಮೇಲೆ ಕೂತೇ ಇತ್ತು. ಬೆಂಕಿ ಅದರಿಂದ ಎಂಟು ಹೆಜ್ಜೆ ದೂರದಲ್ಲಿ ನಿಂತಿತ್ತು.

ಈ ಗುಡ್ಡವನ್ನು 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು, ಒಂದು ವರ್ಷ ತುಂಬುವ ಮೊದಲೇ ಹಿಂಪಡೆದರು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಗಣಿಗಾರಿಕೆ ಬೇಡವೆಂದು ಧರಣಿ ಕೂತ ಮೇಲೆ 2017ರಲ್ಲಿ ಮತ್ತೆ ಘೋಷಣೆಯಾಯಿತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಅಂದು ಧರಣಿಗೆ ನಮ್ಮಮ್ಮ ಬುತ್ತಿ ಕಟ್ಟಿಕೊಂಡು ಹೋಗಿದ್ದಳು. ಗಣಿಯಿಂದ ಗುಡ್ಡ ಉಳಿಯಿತು. ಬೆಂಕಿಯಿಂದ ಉಳಿಸಲು ಆದೇಶ ಸಾಲದು, ಪ್ರತಿ ಬೇಸಿಗೆಯೂ ಯಾರಾದರೂ ಹತ್ತಬೇಕು.

ಬೆಟಗೇರಿ ಮಾಸ್ತರ

ಗುಡ್ಡದ ಮಾತು ಬಂದಿರುವುದರಿಂದ ಅಲ್ಲಿ ಕರೆಂಟಿಗಾಗಿ ನಿಲ್ಲಿಸಿದ ಗಾಳಿಯಂತ್ರಗಳ ಬಗ್ಗೆಯೂ ಮಾತಾಗಲಿ. ಒಂದೊಂದು ಕಂಬಕ್ಕೂ ಲಾರಿ ಹೋಗುವ ದಾರಿ ಕಡಿಯಬೇಕು. ಆ ದಾರಿಗಳೇ ಮಳೆಗಾಲದಲ್ಲಿ ಕೊರಕಲುಗಳಾಗುತ್ತಿವೆ. ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ದಾರಿಯ ಪಕ್ಕ ಆಳೆತ್ತರದ ಕೊರಕಲು ನೋಡಿದ್ದೇವೆ.

ಹುಬ್ಬಳ್ಳಿ ಉಣಕಲ್

ಮಾಸ್ತರೇ, ಗಾಳಿಯ ಕರೆಂಟ್ ಬೇಡವೆಂದರೆ ಕಲ್ಲಿದ್ದಲು ಸುಡಬೇಕು. ಹವಾಮಾನ ಕೆಡುತ್ತಿದೆ ಎಂದು ನಾವೇ ಹೇಳಿ ಗಾಳಿಯಂತ್ರವನ್ನೂ ಬೇಡ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಯಂತ್ರ ನಿಲ್ಲಿಸಿದವರಿಂದಲೇ ಆ ದಾರಿಗಳಿಗೆ ಅಡ್ಡಗಾಲುವೆ, ಕಲ್ಲಿನ ಚರಂಡಿ ಕಟ್ಟಿಸಬೇಕು, ಪ್ರತಿ ವರ್ಷ ನೋಡಿಕೊಳ್ಳುವಂತೆ ಮಾಡಬೇಕು.

ಗುಡ್ಡದ ಮಗಳು

ಬಯಲಿನಲ್ಲಿಯೂ ಗಾಳಿ ಬೀಸುತ್ತದೆ ಅಣ್ಣಾ. ಇರುವ ಯಂತ್ರಗಳು ಇರಲಿ, ದಾರಿ ಸರಿ ಮಾಡಿಸೋಣ. ಹೊಸದಕ್ಕೆ ಗುಡ್ಡವೇ ಬೇಕೇ?

ಮಾಗಡಿ ಕೆರೆ ಪಕ್ಕ (ಶಿರಹಟ್ಟಿ ತಾಲ್ಲೂಕು)

ನಮ್ಮ ಕೆರೆಗೆ 2024ರ ಆರಂಭದಲ್ಲಿ ರಾಮ್‌ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. 134 ಎಕರೆಯ ಊರ ಕೆರೆ, ಜಗತ್ತಿನ ಜೌಗುಪ್ರದೇಶಗಳ ಪಟ್ಟಿಯಲ್ಲಿ! ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ನವೆಂಬರಿನಲ್ಲಿ ಬರುತ್ತವೆ, ಬಿಸಿಲು ಏರುವ ಮೊದಲು ಹೊರಡುತ್ತವೆ. ಹಗಲು ನೀರಿನಲ್ಲಿ, ರಾತ್ರಿ ನಮ್ಮ ಹೊಲಗಳಲ್ಲಿ. ಶೇಂಗಾ ಹೊಲಕ್ಕೂ ಇಳಿಯುತ್ತವೆ. ನಷ್ಟವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಊರಿನಲ್ಲಿ ಯಾರೂ ಕಲ್ಲೆಸೆಯುವುದಿಲ್ಲ. ಅತಿಥಿ ಬಂದ ವರ್ಷ ಮಳೆ-ಬೆಳೆ ಚೆನ್ನ ಎಂದು ಹಿರಿಯರ ನಂಬಿಕೆ.

ನಾನು ಹೇಳಬೇಕೆಂದದ್ದು ಹೂಳಿನ ಬಗ್ಗೆ. ಹೂಳು ತೆಗೆಯುವವರು ಕೆರೆಯನ್ನು ಬಾವಿಯಂತೆ ತೋಡಿಬಿಡುತ್ತಾರೆ, ಅಂಚಿನಿಂದಲೇ ಕಡಿದಾದ ಇಳಿಜಾರು. ಮೊಣಕಾಲುದ್ದ ನೀರಿನ ಅಂಚು ಇಲ್ಲದಿದ್ದರೆ ಕೊಕ್ಕರೆಗೆ ನಿಲ್ಲಲು ಜಾಗವಿಲ್ಲ, ಬಾತುಗಳಿಗೆ ದಂಡೆ ಹತ್ತಲು ದಾರಿಯಿಲ್ಲ, ಮೀನಿನ ಮರಿಗಳಿಗೆ ಬೆಚ್ಚನೆಯ ನೀರಿಲ್ಲ. ಮುಂಡರಗಿಯ ಅಣ್ಣಾ, ನಿಮ್ಮ ಕೆರೆಯ ಅಂಚು ಹೇಗಿದೆ?

ಮಸಾರಿಹೊಲ

ಕಡಿದಾಗಿಯೇ ಇದೆ ಅಣ್ಣಾ. ಡಿಸೆಂಬರಿನಲ್ಲಿ ನೀರು ಕುಡಿಯಲು ಇಳಿದ ಒಂದು ಆಕಳು ಜಾರಿ ಒಳಗೆ ಬಿತ್ತು, ಹಗ್ಗ ಕಟ್ಟಿ ಎಳೆಯಲು ಒಂದು ತಾಸು ಬೇಕಾಯಿತು. ಅಂದೇ ಅರ್ಥವಾಯಿತು. ಈ ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಪೂರ್ವದ ದಂಡೆಯನ್ನು ಓರೆಯಾಗಿ ಕಡಿಯುತ್ತೇವೆ. ದನಕ್ಕೂ ಆಯಿತು, ಹಕ್ಕಿಗೂ ಆಯಿತು.

ಹುಬ್ಬಳ್ಳಿ ಉಣಕಲ್

ಊರಿನಲ್ಲಿ ಹೊಲವಿಲ್ಲದ ನಾವು ಏನು ಮಾಡಬೇಕು? ನಮ್ಮ ಕೆರೆಗೆ ನೀರಿನ ಕೊರತೆಯಿಲ್ಲ, ಬರಬಾರದ ನೀರು ಬರುತ್ತದೆ. ಅಂತರಗಂಗೆ ಕಳೆ ತೆಗೆದಷ್ಟೂ ಬೆಳೆಯುತ್ತದೆ.

ಬೆಣ್ಣೆಹಳ್ಳದ ದಂಡೆ

ಅಂತರಗಂಗೆ ಕೊಳಚೆ ತಿಂದು ಬೆಳೆಯುತ್ತದೆ, ಕೊಳಚೆ ನಿಲ್ಲಿಸದೆ ಅದನ್ನು ತೆಗೆದು ಪ್ರಯೋಜನವಿಲ್ಲ. ನಿಮ್ಮ ಬಡಾವಣೆಯ ಯಾವ ಚರಂಡಿ ಒಳಚರಂಡಿಗೆ ಸೇರಿಲ್ಲ, ಕೆರೆಗೆ ಎಲ್ಲಿ ಇಳಿಯುತ್ತದೆ ಎಂದು ನೀವೂ ನಡೆದು ನೋಡಿ, ಒಂದು ಹಾಳೆಯ ಮೇಲೆ ಗುರುತು ಮಾಡಿ. ನಿಮ್ಮ ನಗರದ ಕೊಳಚೆ ಕೊನೆಗೆ ನಮ್ಮ ಬೆಣ್ಣೆಹಳ್ಳಕ್ಕೇ ಬರುತ್ತದೆ, ಬೇಸಿಗೆಯಲ್ಲಿ ಬೇರೆ ನೀರಿಲ್ಲದೆ ಅದನ್ನೇ ಹೊಲಕ್ಕೆ ಹಾಯಿಸುವವರಿದ್ದಾರೆ. ಮತ್ತೆ ನಿಮ್ಮ ಮನೆಯ ತಾರಸಿ ಸಾವಿರ ಚದರಡಿ ಇದ್ದರೆ ಒಂದು ಅಂಗುಲ ಮಳೆಗೆ ಎರಡು ಸಾವಿರ ಲೀಟರಿಗೂ ಮಿಕ್ಕಿ ನೀರು. ಅದನ್ನು ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಇಳಿಸಿದರೆ ಅಷ್ಟಾದರೂ ಚರಂಡಿಗೆ ಹೋಗುವುದು ತಪ್ಪುತ್ತದೆ.

ರಾಣೆಬೆನ್ನೂರು ರೈತ

ನನ್ನದು ಸರಳ ಪ್ರಶ್ನೆ. ಹಳ್ಳ ಸರ್ಕಾರದ್ದು, ಹೊಲದ್ದಲ್ಲ ಎಂದು ಹೇಗೆ ತೋರಿಸಿದಿರಿ? ನಮ್ಮಲ್ಲಿ ಉತಾರ (ಪಹಣಿ) ತೋರಿಸಿ ಜಗಳಕ್ಕೆ ನಿಲ್ಲುತ್ತಾರೆ.

ಮಸಾರಿಹೊಲ

ಉತಾರದಲ್ಲಿಯೇ ಇರುತ್ತದೆ, ನಾವು ಓದುವುದಿಲ್ಲ. ಒಟ್ಟು ಕ್ಷೇತ್ರದ ಕೆಳಗೆ ಖರಾಬು (ಸಾಗುವಳಿಗೆ ಬಾರದ ನೆಲ) ಎಂದು ಕಳೆದಿರುತ್ತಾರೆ. ಅದರಲ್ಲಿ ‘ಬ’ ಖರಾಬು ಎಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ನೆಲ. ಅದು ಹೊಲದ ಒಡೆಯನ ಸಾಗುವಳಿಗೆ ಸೇರಿದ್ದಲ್ಲ. ನಕಾಶೆಯ ಜೊತೆ ಹೊಂದಿಸಿ ನೋಡಿದರೆ ಎಲ್ಲಿ ಎಷ್ಟು ಎಂದು ತಿಳಿಯುತ್ತದೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಆಮೇಲೆ ಅಳತೆಗೆ ಅರ್ಜಿ ಕೊಟ್ಟೆವು. ಆದರೆ ಕಾಗದವನ್ನು ಮೊದಲ ದಿನವೇ ಮುಂದಿಡಬೇಡಿ. ನಾವು ಮೂರನೆಯ ಭೇಟಿಯವರೆಗೂ ಅದನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ತೆಗೆದಾಗ ಅವರೇ, “ಗೊತ್ತು, ನಮ್ಮಪ್ಪ ಹೇಳಿದ್ದ” ಎಂದರು.

ಇಳಿಜಾರು ನೋಡಲು ಎಂಜಿನಿಯರ್ ಬೇಕಾಗಲಿಲ್ಲ. ಗೌಂಡಿಗಳು ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಇಬ್ಬರು ಎರಡು ತುದಿ ಹಿಡಿದು ಮೂವತ್ತು ಅಡಿಗೊಮ್ಮೆ ನಿಂತು ಗುರುತು ಹಾಕುತ್ತ ಹೋದೆವು. ಆ ಕೊಳವೆ ಒಂದೂವರೆ ಅಡಿ ಮೇಲಿದೆ ಎಂದು ಗೊತ್ತಾದದ್ದೂ ಹಾಗೆಯೇ. ಅದನ್ನು ಇಳಿಸಿಕೊಡಿ ಎಂದು ಮೂರು ಅರ್ಜಿ ಬರೆದಿದ್ದೇವೆ.

ಹಾನಗಲ್ಲಿನಿಂದ

ನಾಲ್ಕನೆಯ ಅರ್ಜಿಗೆ ಕೆಳಗಿನ ಊರಿನವರ ಸಹಿಯನ್ನೂ ಹಾಕಿಸಿ. ಎರಡು ಪಂಚಾಯಿತಿಯ ಠರಾವು ಜೊತೆಗಿದ್ದರೆ ತೂಕ ಬೇರೆ. ಕುರಿಗಾಹಿಗಳನ್ನೂ ಕರೆಯಿರಿ.

ಮಸಾರಿಹೊಲ

ಕರೆದಿದ್ದೇವೆ. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಎರಡೂ ಊರಿನವರು ನಮ್ಮ ಕೋಡಿಯ ಹತ್ತಿರ ಸೇರಿ ಮೇಲಿನವರೆಗೆ ನಡೆಯುತ್ತೇವೆ. ಗೋಮಾಳದಲ್ಲಿ ಯಾವ ಭಾಗ ಮೇಯಲು ಬಿಡುವುದು, ಯಾವುದನ್ನು ಎರಡು ಮಳೆಗಾಲ ಮುಚ್ಚುವುದು ಎಂದು ಕುರಿಗಾಹಿಗಳೇ ಹೇಳುತ್ತಾರೆ. ಸಸಿ ಕಾಯುವ ಕೆಲಸವನ್ನು ಅವರಲ್ಲಿ ಇಬ್ಬರಿಗೆ ಕೂಲಿ ಕೊಟ್ಟು ಒಪ್ಪಿಸಬೇಕೆಂದಿದ್ದೇವೆ.

ಬೆಣ್ಣೆಹಳ್ಳದ ದಂಡೆ

ನಾನು ಬರುತ್ತೇನೆ. ಗುಂಡಾವರ್ತಿ ಕಟ್ಟಿ ಗೊತ್ತಿರುವ ಹಿರಿಯರೊಬ್ಬರು ನಮ್ಮೂರಿನಲ್ಲಿ ಉಳಿದಿದ್ದಾರೆ, ಕಣ್ಣು ಮಂಜಾಗಿದೆ, ಆದರೆ ಕಲ್ಲು ಮುಟ್ಟಿ ಹೇಳುತ್ತಾರೆ. ಅವರನ್ನು ಕರೆತಂದರೆ ಮಲಗಿದ ಒಡ್ಡಿನವರೆಗೆ ಹೋಗಲು ಒಂದು ಗಾಡಿ ಇರುತ್ತದೆಯೇ?

ಮಸಾರಿಹೊಲ

ಇರುತ್ತದೆ. ಚಕ್ಕಡಿ ದಾಟುವ ಜಾಗ ಮಾಡಿಸಿಕೊಂಡರಲ್ಲ, ಅವರೇ ಚಕ್ಕಡಿ ಹೂಡಿಕೊಂಡು ಬರುತ್ತೇನೆ ಎಂದಿದ್ದಾರೆ. ನೀವು ಶನಿವಾರ ಸಂಜೆಯೇ ಬಂದುಬಿಡಿ, ಊಟಕ್ಕೆ ನಮ್ಮ ಮನೆ.